ಬೇಲಿ ಹಾಕಿದ ಪಚ್ಚೆಗುಂಡಿ

೧೯೬೨ರಲ್ಲಿ ನಾನು ಗಣಿ ಸುರಕ್ಷತೆಯ ಇನ್‌ಸ್ಪೆಕ್ಟರನಾಗಿ ರಾಜಸ್ಥಾನದ ಮರುಭೂಮಿಯಂಚಿನ ಒಂದು ಊರಿಗೆ ಹೋದೆ. ಅಲ್ಲಿಯ ಜನ ಪಚ್ಚೆಕಲ್ಲು ಅಗೆದು ಬದುಕುತ್ತಿದ್ದರು. ಮಂಗಳೂರಿನ ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದ ನಾನು, ವಾದ ಸರಿಯಾಗಿದ್ದರೆ ಜನ ಒಪ್ಪಿಯೇ ಒಪ್ಪುತ್ತಾರೆಂದು ನಂಬಿದ್ದೆ.

ಊರ ಸುತ್ತ ನೂರಾರು ಶಾಫ್ಟ್‌ಗಳು, ಅಂದರೆ ಬಾವಿಯಂತೆ ನೇರ ಇಳಿದ ಗುಂಡಿಗಳು, ಬಾಯ್ದೆರೆದಿದ್ದವು. ಮರಳುಗಾಳಿ ಎದ್ದರೆ ಕಾಲಡಿಯ ನೆಲವೇ ಕಾಣದು. ನಾನು ಹೋದ ತಿಂಗಳಲ್ಲೇ ನೀರು ಹೊತ್ತು ತರುತ್ತಿದ್ದ ಹೆಂಗಸೊಬ್ಬಳು ಒಂದು ಪಾಳುಗುಂಡಿಗೆ ಬಿದ್ದು ಸತ್ತಳು. ಮರುದಿನವೇ ಸಭೆ ಕರೆದು, ಅಗೆಯುತ್ತಿರುವವರೆಲ್ಲ ತಮ್ಮ ಗುಂಡಿಗೆ ಮುಳ್ಳುಬೇಲಿ ಹಾಕಬೇಕೆಂದು ಒಂದು ಗಂಟೆ ವಾದಿಸಿದೆ. ಎಲ್ಲರೂ ತಲೆಯಾಡಿಸಿದರು. ಹಾಕಿದವನು ಭಂವರ್‌ಲಾಲ್ ಒಬ್ಬನೇ. ಸತ್ತವಳು ಅವನ ತಂಗಿ.

ಮೂರನೆಯ ದಿನ ಬೆಳಗ್ಗೆ ನೋಡಿದರೆ ಅವನ ಗುಂಡಿ ಕುಸಿದಿತ್ತು. ಯಾರೋ ಪಕ್ಕದ ಗುಂಡಿಯಿಂದ ಸುರಂಗ ಕೊರೆದು, ಆಧಾರದ ಕಂಬಗಳನ್ನು ಕಿತ್ತಿದ್ದರು. ನಾಲ್ಕು ವರ್ಷದ ಅಗೆತ ಮಣ್ಣಾಗಿತ್ತು.

ಅಲ್ಲಿ ಚಹಾದಂಗಡಿ ಇಟ್ಟಿದ್ದ, ನಮ್ಮ ಮಂಗಳೂರಿನ ಕುದ್ರೋಳಿಯವರೇ ಆದ ಹಮೀದ್ ಕಾಕ ನನ್ನ ಮುಖ ನೋಡಿ ಗ್ಲಾಸು ಮುಂದಿಟ್ಟರು.

"ಇಲ್ಲಿ ಕಲ್ಲು ಸಿಕ್ಕಿದವ ಮಾತ್ರ ಬೇಲಿ ಹಾಕುವುದು ಮಾರಾಯ್ರೇ. ಪಾಪ, ಅವನಿಗೆ ಒಂದು ಚೂರೂ ಸಿಕ್ಕಿರ್ಲಿಲ್ಲ. ಬೇಲಿ ನೋಡಿ ಒಳಗೆ ಕಲ್ಲು ಉಂಟು ಅಂತ ಕಳ್ಳರು ತಿಳ್ಕೊಂಡ್ರು."

"ಮೊದಲೇ ಯಾಕೆ ಹೇಳಲಿಲ್ಲ ಕಾಕ?"

"ನೀವು ಬಾಯಿ ತೆಗೀಲಿಕ್ಕೆ ಬಿಟ್ಟದ್ದು ಯಾವಾಗ? ನಿಮ್ಮ ಭಾಷಣ ಮುಗಿಯುವಾಗ ನನ್ನ ಒಲೆ ಆರಿತ್ತು."

ನಾನು ಭಂವರ್‌ಲಾಲನ ಮನೆಗೆ ಹೋಗಿ ಕ್ಷಮೆ ಕೇಳಿದೆ. ನಂತರ, ಆ ಊರಿನಲ್ಲಿ ಮೊದಲ ಸಲ, ಏನು ಮಾಡೋಣವೆಂದೂ ಕೇಳಿದೆ. ಅವನು ಹೊರಗೆ ಬಂದು ಊರ ಸುತ್ತಲಿನ ಗುಂಡಿಗಳತ್ತ ಕೈ ತೋರಿಸಿದ.

"ಸಾಹೇಬರೇ, ಪಾಳುಗುಂಡಿಗೂ ಹಾಕಿಸಿ. ಎಲ್ಲದಕ್ಕೂ ಒಂದೇ ದಿನ. ಆಗ ಬೇಲಿ ಯಾವ ಗುಟ್ಟನ್ನೂ ಹೇಳುವುದಿಲ್ಲ."

ಈ ಬಾರಿ ನಾನು ಸಭೆಯಲ್ಲಿ ಹಿಂದೆ ಕುಳಿತೆ, ಅವನೇ ಮಾತಾಡಿದ. ಐದು ನಿಮಿಷ ಸಾಕಾಯಿತು. ಮರುದಿನ ಊರಿಗೆ ಊರೇ ಜಾಲಿಮುಳ್ಳು ಎಳೆಯಿತು. ಮೊದಲ ಬೇಲಿ ಎದ್ದದ್ದು ಅವನ ತಂಗಿ ಬಿದ್ದ ಗುಂಡಿಗೆ. ಆಮೇಲೆ ನೆರೆಯವರು ಅವನ ಗುಂಡಿಯ ಮಣ್ಣು ಎತ್ತಲು ನಿಂತರು. ನಾನಲ್ಲಿದ್ದ ಎರಡು ವರ್ಷದಲ್ಲಿ ಮತ್ತೆ ಯಾರೂ ಬೀಳಲಿಲ್ಲ.

ಈಗ ಮಂಗಳೂರಿನ ಕಾಲೇಜುಗಳು ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ನನ್ನನ್ನು ಕರೆಯುವುದುಂಟು. ಚೆನ್ನಾಗಿ ಮಾತಾಡಿದವರಿಗೆ ಬಹುಮಾನ ಕೊಟ್ಟು ಬರುತ್ತೇನೆ. ಆದರೆ ತಲೆಯಾಡಿಸಿಯೂ ಬೇಲಿ ಹಾಕದವನಿಗೆ ಯಾವ ಭಯವಿದೆಯೆಂದು ತಿಳಿಯದೆ ನಿಯಮ ಬರೆಯಬಾರದು ಎಂಬುದನ್ನು ನನಗೆ ಕಲಿಸಿದ್ದು ವೇದಿಕೆಯಲ್ಲ, ಕುಸಿದ ಆ ಗುಂಡಿ.