ಅಜ್ಜಿಯ ಫೋಲ್ಡರ್ ಖಾಲಿ

ಬಸಳೆ ಹೆಚ್ಚುತ್ತಿದ್ದೆ. ಕಂಪ್ಯೂಟರಿನ ಎದುರು ಕುಳಿತಿದ್ದ ಮಗಳು, "ಅಮ್ಮಾ, ಅಜ್ಜಿಯ ಫೋಲ್ಡರ್ ಉಂಟು, ಒಳಗೆ ಒಂದೂ ಫೋಟೋ ಇಲ್ಲ" ಎಂದಳು. ಬಸಳೆ ಬಿಟ್ಟು ಎದ್ದು ಬಂದೆ. ಹೊಸ ಹಾರ್ಡ್ ಡಿಸ್ಕಿಗೆ ಅವಳು ಜೆಪಿಜಿ ಫೋಟೋಗಳನ್ನಷ್ಟೇ ಕಾಪಿ ಮಾಡಿದ್ದಳು. ಫೋಲ್ಡರುಗಳೆಲ್ಲ ಹೆಸರು ಸಮೇತ ಬಂದದ್ದರಿಂದ ಫೋಟೋಗಳೂ ಬಂದವೆಂದು ನಂಬಿದ್ದೆವು. ತೀರಿಹೋದ ನನ್ನ ಅಮ್ಮನ ಕೊನೆಯ ಫೋಟೋಗಳನ್ನು ನನ್ನ ತಮ್ಮ ಅವನ ಐಫೋನಿನಲ್ಲಿ ತೆಗೆದದ್ದು. ಅವು ಜೆಪಿಜಿ ಅಲ್ಲ, ಬೇರೆ ಬಗೆಯ ಫೈಲುಗಳು; ಹಾಗಾಗಿ ಕಾಪಿಯೇ ಆಗಿರಲಿಲ್ಲ. ಹಳೆಯ ಡಿಸ್ಕನ್ನು, ಎಲ್ಲ ಅಳಿಸಿಬಿಡಿ ಎಂದು ಹೇಳಿ, ಬೆಳಿಗ್ಗೆಯೇ ಉಜಿರೆಯ ಅಂಗಡಿಗೆ ಕೊಟ್ಟಾಗಿತ್ತು.

ಫೋನ್ ಮಾಡಿದೆ. "ಅಳಿಸ್ಲಿಕ್ಕೆ ಕೂತದ್ದೇ ಅಕ್ಕಾ, ಅಷ್ಟರಲ್ಲಿ ಮಸೀದಿಯಲ್ಲಿ ಬಾಂಗ್ ಆಯ್ತು. ಶುಕ್ರವಾರ ಅಲ್ವಾ, ಜುಮಾ ನಮಾಜಿಗೆ ಎದ್ದು ಹೋದೆ. ಡಿಸ್ಕ್ ಹಾಗೇ ಉಂಟು," ಎಂದರು ಅಂಗಡಿಯ ಹಮೀದ್.

ದೇವರು ದೊಡ್ಡವನು. ಅವರ ಆ ಹೊತ್ತಿನ ನಮಾಜು ನನ್ನ ಅಮ್ಮನ ಫೋಟೋಗಳನ್ನು ಉಳಿಸಿಕೊಟ್ಟಿತು. ಆ ಸಂಜೆ ದೀಪಕ್ಕೆ ಒಂದು ಬತ್ತಿ ಹೆಚ್ಚೇ ಹೊಸೆದೆ.