ಜಪಾನಿನ ಉದ್ದನ ಹಾಡು, ನನ್ನ ಪಾಳಿ ನೀರು

ಜಪಾನ್ ದೇಶದಾಗ ಯಾರರೆ ಹೊಸಾ ರಾಕ್ ಹಾಡು ಮಾಡಿದ್ರ ಮೊದಲು ನನಗ ಫೋನ್ ಹಚ್ಚತಾರ. "ಮಾಮಾ, ಹೆಂಗೈತಿ?" ಅಂತ ಕೇಳೇ ಮುಂದಿನ ಕೆಲಸ. ಇದು ಶಹಾಪುರದಾಗ ಎಲ್ಲರಿಗೂ ಗೊತ್ತಿದ್ದ ಮಾತು.

ಗೊತ್ತಿಲ್ಲದವರಿಗೆ ಹೇಳತೀನಿ... ಇದು ಶುರು ಆಗಿದ್ದು ಸಂಗೀತದಿಂದ ಅಲ್ಲ, ಕಾಲುವಿ ನೀರಿನಿಂದ.

ನಮ್ಮ ತೂಬಿಗೆ ನಾವು ಇಬ್ಬರೇ. ನಾನು, ಮತ್ತ ನಮ್ಮ ದೊಡ್ಡಪ್ಪನ ಮಗಳು ಮಲ್ಲಮ್ಮಕ್ಕ. ವಾರಕ್ಕ ಒಂದ ದಿನ, ಮುಂಜಾನಿಂದ ಹನ್ನೆರಡರ ತನಕ ನೀರು.

ನಮ್ಮ ಅಪ್ಪಂದಿರ ಕಾಲದಾಗ ಒಬ್ಬರ ಗಡಿಯಾರ ಒಬ್ಬರು ನಂಬತಿದ್ದಿಲ್ಲ. ಅದಕ್ಕ ಒಂದು ಕಟ್ಟಳಿ ಮಾಡಿದ್ರು: ನಿನ್ನ ಹಾಡು ನಡದಿರೂತನಕ ನೀರು ನಿಂದು. ಹಾಡು ಮುಗೀತು, ತೂಬಿನ ಹಲಗಿ ತಿರುವು, ನೀರು ಆ ಕಡಿ.

ಇಷ್ಟು ವರ್ಷ ಫೋನಿನ್ಯಾಗ ನಾ ಒಂದು ಭಜನಿ ಪದ, ಆಕಿ ಒಂದು ಪದ... ಹಿಂಗ ನಡದಿತ್ತು.

ಈ ಸಲ ಇಬ್ಬರದೂ ಭತ್ತದ ಸಸಿ ಮಡಿ. ಒಂದು ಪಾಳಿ ತಪ್ಪಿದ್ರ ಸಸಿ ಸುಟ್ಟು ಹೋಗತಾವ.

ನನ್ನ ತಲಿ ಸುಮ್ಮನ ಕೂಡೂ ತಲಿ ಅಲ್ಲ. ಕಟ್ಟಳಿಯೊಳಗ "ಒಂದು ಹಾಡು" ಅಂತೈತಿ, ಎಷ್ಟು ಉದ್ದ ಅಂತ ಎಲ್ಲೈತಿ? ಫೋನಿಗೆ, "ಎಲ್ಲಕ್ಕಿಂತ ಉದ್ದನ ಹಾಡು ತೋರ್ಸಪಾ" ಅಂದೆ.

ಬಂತು ನೋಡ್ರಿ ಜಪಾನು! ಹಳೇ ಕಾಲದ ಉದ್ದ ಕೂದಲಿನ ನಾಕು ಮಂದಿ. ಪ್ರೋಗ್ರೆಸಿವ್ ರಾಕ್, ಸೈಕೆಡೆಲಿಕ್ ರಾಕ್ ಅಂತ ಬರದಿತ್ತು. ಒಂದ ಹಾಡು, ಇಪ್ಪತ್ಮೂರು ನಿಮಿಷ!

ಮೊದಲು ಹಾರ್ಮೋನಿಯಂ ಬಾವ್ಯಾಗ ಬಿದ್ದಂಗ ಸಪ್ಪಳ. ಆಮ್ಯಾಲ ಗಿಟಾರು, ಕರಿ ಮಣ್ಣಾಗ ಸಿಕ್ಕೊಂಡ ಟ್ರ್ಯಾಕ್ಟರಿನಂಗ ಒದರತೈತಿ. ನಡುವ ಒಬ್ಬಾಂವ ಕೊಳಲು ಊದತಾನ, ಏನೂ ಆಗೇ ಇಲ್ಲ ಅನ್ನೂವಂಗ.

ನೀರಿನ ಆಸಿಗೆ ಕೇಳಾಕ ಕುಂತಾಂವ ನಾನು. ಮೂರನೇ ಸಲಕ್ಕ ತಲಿ ತಾನ ತೂಗಾಕತ್ತಿತು.

ಅದು ಮುಗೀತು, ಇನ್ನೊಂದು ಹುಡುಕಿದೆ. ಅದರಾಗ ಒಬ್ಬಾಂವ ಹದಿನೆಂಟು ನಿಮಿಷ ಒಂದ ತಂತಿ ತಿಕ್ಕತಾನ. ಮಾತು ಒಂದೂ ತಿಳಿಯಂಗಿಲ್ಲ... ಆದ್ರ ಎಮ್ಮಿ ಹಿಂಡುವಾಗೂ ನನ್ನ ಬಾಯಾಗ ಅದೇ.

ಪಾಳಿ ದಿನ ಇಪ್ಪತ್ಮೂರು ನಿಮಿಷದ್ದು ಹಚ್ಚಿದೆ. ಮಲ್ಲಮ್ಮಕ್ಕ ಬದುವಿನ ಮ್ಯಾಲ ಕುಂತು ಕಿವಿ ಮುಚ್ಚಿಕೊಂಡ್ಳು.

"ಏ ತಮ್ಮಾ, ಇದು ಹಾಡೋ, ಯಾರರೆ ಬೋರ್ ಹೊಡ್ಯಾಕತ್ತಾರೋ?"

"ಅಕ್ಕಾ, ಇದು ಇಂಟರ್‌ನ್ಯಾಷನಲ್."

ಹನ್ನೊಂದನೇ ನಿಮಿಷಕ್ಕ ಹಾಡು ಗಪ್ಪನೆ ನಿಂತಿತು. ಅದು ಹಂಗೇ ಐತಿ, ನಡುವ ನಿಲ್ಲತೈತಿ. ಅಕ್ಕ ಓಡಿ ಹೋಗಿ ಹಲಗಿಗೆ ಕೈ ಹಾಕಿದಳು.

"ಕೈ ತಗಿ! ಮುಗದಿಲ್ಲ. ಕಲಾವಿದರು ಉಸಿರು ತಗೊಳ್ಳಾಕತ್ತಾರ. ಸುಮ್ಮನಿರೂದೂ ಹಾಡಿನ್ಯಾಗೇ ಬರತೈತಿ."

ಅಷ್ಟರಾಗ ಡ್ರಮ್ಮು ಧಡಧಡ ಅಂತು. ಅಕ್ಕ ಹಲಗಿ ಬಿಟ್ಟಳು.

ಆವತ್ತು ಆಕಿ ಐದು ನಿಮಿಷಕ್ಕ ನಂದು ಇಪ್ಪತ್ಮೂರು. ನನ್ನ ಮಡಿ ತುಂಬಿ ತುಳುಕಿತು, ಆಕಿ ಮಡಿ ಅಂಚು ಬಿರುಕು ಬಿಟ್ಟಿತು. ಆದ್ರೂ ಆಕಿ ಒಂದು ಮಾತು ಬೈಲಿಲ್ಲ... ಅಲ್ಲೇ ನಾ ಹುಷಾರಾಗಬೇಕಿತ್ತು.

ಮುಂದಿನ ವಾರ ಮೊದಲ ಪಾಳಿ ಆಕಿದು. ಬರಿಗೈಲೆ ಬಂದಳು. ಗಂಟಿನ್ಯಾಗ ರೊಟ್ಟಿ ಅಷ್ಟ.

"ಅಕ್ಕಾ, ಫೋನ್ ಎಲ್ಲಿ?"

"ಬಾಯಿ ತಂದೀನಲ್ಲೋ."

ಬೀಸೂ ಪದ ಎತ್ತಿದಳು. ಬೀಸೂ ಪದಕ್ಕ ತುದಿ ಅನ್ನೂದು ಇರಂಗಿಲ್ರಿ. ಅತ್ತಿ ಬಂದಳು, ನಾದಿನಿ ಬಂದಳು, ಸತ್ತ ಎತ್ತು ಬಂತು, ಭೀಮರಾಯನಗುಡಿ ನೀರಾವರಿ ಆಫೀಸಿನ ಸಾಹೇಬರೂ ಬಂದ್ರು. ಒಬ್ಬೊಬ್ಬರಿಗೆ ಒಂದೊಂದು ನುಡಿ, ಅಲ್ಲೇ ಕುಂತಲ್ಲೇ ಕಟ್ಟಿ. ತಾಸಿನ ಮ್ಯಾಲ ನನ್ನ ಪಾಳಿ ಬಂತು... ನೀರಿಂದಲ್ಲ, ನುಡೀದು:

ಜಪಾನದ ಪದ ಕೇಳಿ ಜಾಣಾದ ನನ ತಮ್ಮ
ಕಾಲುವಿ ನೀರ ಕದ್ದಾನ | ಅಕ್ಕನ ಪದ
ಹನ್ನೆರಡಾದರೂ ಮುಗದಿಲ್ಲ

ಅಂದಾಕಿ ಗಪ್ಪನೆ ನಿಂತಳು. ನಾ ಓಡಿದೆ ಹಲಗಿಗೆ!

"ಕೈ ತಗಿ," ಅಂದಳು, ಗಂಟು ಬಿಚ್ಚಿಕೋತ. "ನಿಮ್ಮ ಜಪಾನದವರು ಉಸಿರು ತಗೊಂಡ್ರ ಹಾಡು. ನಾ ರೊಟ್ಟಿ ತಿಂದ್ರ ಪಾಳಿ ಮುಗೀತೇನು?"

ಹಲಗಿ ಬಿಟ್ಟೆ. ಕಾನೂನು ಮಾಡಿದಾಂವ ನಾನೇ.

ಎರಡು ರೊಟ್ಟಿ, ಪುಂಡಿ ಪಲ್ಯ, ಮ್ಯಾಲ ಎಲಿ ಅಡಕಿ. ಬಾಯಿ ಒರಸಿಕೊಂಡು ಮತ್ತ ಎತ್ತಿದಳು, ಈ ಸಲ ದನಿ ಇನ್ನೂ ಏರಿಸಿ. ಅದೇ ತಿರುವು, ಅದೇ ಸುತ್ತು, ಪ್ರತಿ ಸುತ್ತಿಗೂ ಒಂದೀಟು ಬ್ಯಾರೆ... ನನ್ನ ತಲಿ ತಾನ ತೂಗಾಕತ್ತಿತು. ಜಪಾನಿನ ಹಾಡಿಗೆ ತೂಗಿದಂಗೇ.

ಅಯ್ಯೋ ಮೂರ್ಖ, ನಿನ್ನ ಸಸಿ ಸಾಯಾಕತ್ತಾವ ಅಂತ ಮನಸ್ಸು ಒದರತೈತಿ. ಕೈ ನೋಡಿದ್ರ ತಾಳ ಹಾಕಾಕತ್ತೈತಿ. ನನ್ನನ್ನ ಬೈದ ನುಡಿಗೆ ನಾನೇ "ಮತ್ತೊಮ್ಮೆ ಅಕ್ಕಾ" ಅಂದೀನಿ!

ಹನ್ನೆರಡಕ್ಕ ಕಾಲುವಿ ಗೇಟಿನಾಂವ ಬಂದು ಗೇಟು ಇಳಿಸಿದ. ನನ್ನ ಮಡಿಗೆ ಒಂದು ಹನಿ ಬಿದ್ದಿಲ್ಲ.

ಸಸಿ ಒಣಗಿ ಹುಲ್ಲಾದ್ವು. ಸುರಪುರದ ಕಡಿಂದ ಟೆಂಪೋದಾಗ ಬ್ಯಾರೆ ಸಸಿ ತರಿಸಿ ನಾಟಿ ಮಾಡಿಸಿದೆ. ಈಗ ಇಬ್ಬರೂ ಫೋನಿನ ಗಡಿಯಾರ ನೋಡಿ ಅರ್ಧ ಅರ್ಧ ತಾಸು ನೀರು ಹಂಚಿಕೋತೀವಿ. ನೀರು ಹರಿಯೂವಾಗ ಆಕಿನೇ ಅಂತಾಳ, "ತಮ್ಮಾ, ಆ ಕೊಳಲಿನಾಂವನ ಹಚ್ಚೋ."

ಊರಾಗ, ಮನ್ಯಾಗ ಎಲ್ಲರಿಗೂ ಐನೂರು ರೂಪಾಯಿ ಹೋತು ಅಂತ ಹೇಳೀನಿ. ನಿಮ್ಮ ಮುಂದ ಮುಚ್ಚಿಡೂದೇನೈತಿ... ಟೆಂಪೋ ಬಾಡಿಗಿ ಹಿಡದು ಹದಿನಾಲ್ಕು ಸಾವಿರದ ಆರುನೂರು. ಅಷ್ಟರಾಗ ಜಪಾನಿಗೇ ಹೋಗಿ ಕೇಳಿ ಬರಬಹುದಿತ್ತೇನ್ರಿ?