ಜಗಳಗಂಟಿಯ ತಂಗಿ

ವಾರ್ಡಿನ ಕಾರ್ಪೊರೇಟರ್ ಉದ್ಘಾಟನೆಯ ಆಹ್ವಾನ ಕೊಡಲು ಬಂದಾಗ ಟೈಲರಮ್ಮ ಶಾಲೆಯ ಸಮವಸ್ತ್ರಗಳಿಗೆ ಕಾಜಾ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ಅವನೇ ಕುರ್ಚಿ ಎಳೆದುಕೊಂಡು, ಅದರ ಮೇಲೆ ಕತ್ತರಿಸಿಟ್ಟಿದ್ದ ಬಟ್ಟೆಯನ್ನೂ ನೋಡದೆ ಕೂತ.

"ಹಳೇ ಹೆಂಚಿನ ಕಾರ್ಖಾನೆ ಜಾಗದ ಪಾರ್ಕು, ಸಮುದಾಯ ಭವನ ಎಲ್ಲಾ ರೆಡಿಯಾಯ್ತಮ್ಮ. ನಿಮ್ಮಕ್ಕನ ಹೆಸರೇ ಇಟ್ಟಿದೀವಿ. ಭೂಮಿತೂಕದ ಹೆಂಗಸು. ಎಂಥಾ ತಾಳ್ಮೆ ಅವರದು."

"ಯಾರದು?"

"ನಿಮ್ಮಕ್ಕಂದು."

"ಸ್ವಲ್ಪ ಏಳಿ. ತೋಳಿನ ಬಟ್ಟೆ ಮೇಲೆ ಕೂತಿದೀರಿ."

ಅವನು ಹೋದ ಮೇಲೆ ಸೂಜಿ ಎರಡು ಸಲ ಬೆರಳಿಗೇ ಚುಚ್ಚಿತು. ತಾಳ್ಮೆಯಂತೆ. ಅಕ್ಕನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದೇ ಜಗಳಗಂಟಿ ಎಂದು. ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದವಳು, ಮೇಸ್ತ್ರಿಯ ಜೊತೆ ಜಗಳ ತೆಗೆದೇ ಕೆಲಸ ಕಳೆದುಕೊಂಡಳು. ಹೆಂಚಿನ ಕಾರ್ಖಾನೆ ಮುಚ್ಚಿ, ಆ ಬಯಲನ್ನು ಲಾರಿ ನಿಲ್ಲಿಸುವುದಕ್ಕೆ ಕೊಡಲು ಹೊರಟಾಗ, ಅಲ್ಲಿ ಜನಕ್ಕೊಂದು ಪಾರ್ಕು, ಭವನ ಬೇಕೆಂದು ಬುಲ್ಡೋಜರಿನ ಮುಂದೆ ಹೋಗಿ ಅಂಗಾತ ಮಲಗಿದಳು. ಇದೇ ಕಾರ್ಪೊರೇಟರ್ ಆಗ ಕಂಟ್ರಾಕ್ಟರನ ಪಕ್ಕ ನಿಂತು, "ಈ ಹೆಂಗಸಿಗೆ ಮನೇಲಿ ಮಾಡೋಕೆ ಬದುಕಿಲ್ಲ" ಎಂದು ಮೈಕಿನಲ್ಲಿ ಹೇಳಿದ್ದ.

ಮನೆಯಲ್ಲಿ ಬದುಕು ಬೇಕಾದಷ್ಟಿತ್ತು. ಮಾಡುತ್ತಿದ್ದವಳು ತಂಗಿ.

ಅಕ್ಕನ ಗಂಡ ಬೇಗ ತೀರಿಕೊಂಡಿದ್ದ. ಕೈಗೂಸನ್ನು ತಂಗಿಯ ಮಡಿಲಿಗೆ ಹಾಕಿ ಅಕ್ಕ ಬೀದಿಗಿಳಿದಳು. ಆ ಹುಡುಗಿ ಹೆಜ್ಜೆಯಿಡಲು ಕಲಿತದ್ದು ಹೊಲಿಗೆ ಮೆಷಿನ್ನಿನ ಕಾಲು ಹಿಡಿದುಕೊಂಡು. ಮೊದಲ ಸಲ "ಅಮ್ಮ" ಎಂದದ್ದೂ ಅಲ್ಲಿಯೇ, ಟೈಲರಮ್ಮನ ಸೆರಗು ಜಗ್ಗಿ. ಅಪರೂಪಕ್ಕೆ ಅವತ್ತು ಮನೆಯಲ್ಲಿದ್ದ ಅಕ್ಕ, "ಅವಳು ಚಿಕ್ಕಮ್ಮ ಕಣೇ, ಅಮ್ಮ ನಾನು" ಎಂದು ತಿದ್ದಿದಳು. ತಿದ್ದಿ, ಚಪ್ಪಲಿ ಮೆಟ್ಟಿಕೊಂಡು ಸಭೆಗೆ ಹೋದಳು.

ಬಟ್ಟೆ ಅಂಗಡಿಯ ಗುಮಾಸ್ತನೊಬ್ಬ ತಂಗಿಯನ್ನು ಮದುವೆಯಾಗಬೇಕೆಂದಿದ್ದ. ಮೆದು ಮಾತಿನವನು, ಹಿರಿಯಳನ್ನು ಕೇಳಿಯೇ ಮುಂದುವರಿಯಬೇಕು ಎನ್ನುವವನು. ಅವನು ಬಂದಾಗಲೆಲ್ಲ ಹಿರಿಯಳು ಧರಣಿಯಲ್ಲಿ, ಇಲ್ಲವೇ ಪೊಲೀಸ್ ಠಾಣೆಯಲ್ಲಿ. ಟೀ ಕುಡಿದು, ಮಗುವನ್ನು ಎತ್ತಿ ಆಡಿಸಿ ಹೋಗುತ್ತಿದ್ದ. ಆಮೇಲೊಂದು ದಿನ ಬರುವುದನ್ನೇ ಬಿಟ್ಟ.

ಅವತ್ತು ಮಾತ್ರ ಟೈಲರಮ್ಮ ಬಾಯಿ ಬಿಟ್ಟಿದ್ದಳು. "ಊರಿಗೆ ಉಪಕಾರಿ, ಮನೆಗೆ ಮಾರಿ ನೀನು. ನಿನ್ನ ಪಾರ್ಕು ಬೆಳೆಯೋಕೆ ನಾನೇ ಗೊಬ್ಬರ ಆಗಬೇಕಾ?"

ಮಾತಿಗೆ ಮಾತು ಕೊಡದೆ ಬಿಡುವವಳಲ್ಲ ಅಕ್ಕ. ಆದರೂ ಅವತ್ತು ಜಗಳಕ್ಕಿಳಿಯದೆ ಹೇಳಿದಳು: "ಅಲ್ಲಿ ಮಕ್ಕಳಿಗೆ ಅಂತ ಒಂದು ರೂಮು ಮಾಡಿಸ್ತೀನಿ. ಕೆಲಸಕ್ಕೆ ಹೋಗೋರು ಮಗೂನ ತಂಗಿ ತಲೆಗೆ ಕಟ್ಟೋ ಹಾಗಾಗಬಾರದು."

ಅಕ್ಕನ ಬಾಯಿಂದ ತಪ್ಪಾಯಿತು ಎಂಬ ಮಾತು ಬಂದದ್ದು ಅಷ್ಟೇ, ಅದೂ ಹೀಗೆ ಸುತ್ತು ಬಳಸಿ. ಹೇಳಿದಂತೆ ವರ್ಷಗಟ್ಟಲೆ ಹಟ ಹಿಡಿದು ಭವನದ ನಕ್ಷೆಯಲ್ಲಿ ಆ ಕೋಣೆಯನ್ನು ಸೇರಿಸಿದಳು. ಗೋಡೆ ಏಳುವ ಮೊದಲೇ ಶ್ವಾಸಕೋಶದ ಕಾಯಿಲೆ ಅವಳನ್ನು ಕೊಂಡುಹೋಯಿತು.

ಉದ್ಘಾಟನೆಗೆ ಟೈಲರಮ್ಮ ಹೋಗಲಿಲ್ಲ. ಬಸ್ ಕಂಡಕ್ಟರ್ ಆಗಿರುವ ಅಕ್ಕನ ಮಗಳು ಹೋಗಿ ಬಂದು, ಕಾಲು ತೊಳೆಯುತ್ತಾ ಸುದ್ದಿ ಹೇಳಿದಳು. "ರೂಮೇನೋ ಇದೆ ಚಿಕ್ಕಮ್ಮ. ಆದ್ರೆ ಅದರಲ್ಲಿ ಜಿಮ್ ಮಾಡಿದಾರೆ. ಮೆಂಬರುಗಳಿಗೆ ಮಾತ್ರ ಅಂತೆ. ಹೋಗಲಿ ಬಿಡು, ಅಮ್ಮನ ಹೆಸರಾದ್ರೂ ಉಳೀತಲ್ಲ."

"ಹೆಸರು ಹೊದ್ದು ಮಲಗೋಕಾಗುತ್ತೇನೆ?"

"ಅದಕ್ಯಾಕೆ ನನ್ನ ಮೇಲೆ ರೇಗ್ತೀಯ?"

ನಿಜ, ಯಾರ ಮೇಲೆ ರೇಗಬೇಕೋ ಅವಳಿಗೂ ತಿಳಿಯಲಿಲ್ಲ. ಒಬ್ಬಳು ಸತ್ತು ತಪ್ಪಿಸಿಕೊಂಡಿದ್ದಳು, ಇನ್ನೊಬ್ಬ ಹಾರ ಹಾಕಿಸಿಕೊಂಡು ನಗುತ್ತಿದ್ದ. ತನ್ನ ಹರೆಯವನ್ನೆಲ್ಲ ತೆತ್ತು ಪಡೆದ ಒಂದೇ ಒಂದು ಕೋಣೆಯಲ್ಲಿ ಯಾರೋ ತೋಳು ಬೆಳೆಸಿಕೊಳ್ಳುತ್ತಿದ್ದರು.

ಮರುದಿನ ಬೆಳಿಗ್ಗೆ ತರಕಾರಿಯವನ ತಳ್ಳುಗಾಡಿಯ ಮೇಲೆ ಮೆಷಿನ್ನು ಹೇರಿಸಿದಳು. ಬೀದಿಯಲ್ಲಿ ಮನೆಗೆಲಸಕ್ಕೆ ಹೊರಟಿದ್ದ ತಾಯಂದಿರ ಕೈಯಿಂದ ಮಕ್ಕಳನ್ನು ಇಸಿದುಕೊಂಡು, "ಸಂಜೆ ಭವನದ ಹತ್ರ ಬನ್ನಿ" ಎಂದಳು. ಕಾವಲುಗಾರ ಗೇಟಿಗೆ ಅಡ್ಡ ನಿಂತ. ಬೋರ್ಡಿನ ಮೇಲೆ ಅಕ್ಕನ ಚಿತ್ರ. ಬಣ್ಣದವನು ಆ ಗಂಟುಮೋರೆಗೆ ಹಾಲುಗಲ್ಲದ ನಗು ಬರೆದಿದ್ದ.

"ಕಾರ್ಡ್ ಇದ್ರೆ ಮಾತ್ರ ಒಳಗೆ ಬಿಡೋದಮ್ಮ."

"ಆ ಬೋರ್ಡಲ್ಲಿರೋಳು ನನ್ನ ಒಡಹುಟ್ಟಿದೋಳು. ಅವಳ ಹತ್ರ ಕೇಳು ಕಾರ್ಡು. ಸರಿಯೋ ಅತ್ಲಾಗೆ."

ಅವನು ಸರಿದ. ಕಬ್ಬಿಣದ ತೂಕಗಳ ನಡುವೆ ಮೆಷಿನ್ನು ಇಳಿಸಿಕೊಂಡು, ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ, ಅವಳು ಹೊಲಿಯತೊಡಗಿದಳು. ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದ ಮೆಂಬರುಗಳು ಬಾಗಿಲಲ್ಲೇ ನಿಂತರು. ಮಧ್ಯಾಹ್ನದೊಳಗೆ ಕಾರ್ಪೊರೇಟರ್ ಬಂದ.

"ಏನಮ್ಮ ಇದು? ನಿಮ್ಮಕ್ಕ ಇದ್ದಿದ್ರೆ ಎಷ್ಟು ಬೇಜಾರು ಮಾಡ್ಕೋತಿದ್ರು. ಸ್ವಲ್ಪ ತಾಳ್ಮೆ ಇರಲಿ."

ಟೈಲರಮ್ಮ ಪೆಡಲಿನಿಂದ ಕಾಲು ತೆಗೆದಳು.

"ಅಕ್ಕ ಇದ್ದಿದ್ರೆ ನಿಮ್ಮ ಕಾಲರ್ ಪಟ್ಟಿ ಹರೀತಿತ್ತು. ಅವಳಿಗೆ ತಾಳ್ಮೆ ಇರಲಿಲ್ಲ. ಇದ್ದದ್ದು ನನಗೆ. ಅವಳ ಪಾಲಿಂದೂ ಸೇರಿಸಿ ನಾನೇ ತಾಳಿಕೊಂಡೆ. ಅದೀಗ ಮುಗೀತು."

"ಪೊಲೀಸರನ್ನ ಕರೆಸಬೇಕಾಗುತ್ತೆ."

"ಕರೆಸಿ. ಠಾಣೆ ದಾರಿ ನನಗೆ ಗೊತ್ತು. ಅಕ್ಕನಿಗೆ ಬುತ್ತಿ ಹೊತ್ತೇ ಸವೆಸಿದೀನಿ."

ಅವನು ಕರೆಸಲಿಲ್ಲ. ಸಂಜೆ ತಾಯಂದಿರು ಬಂದರು. ಮಕ್ಕಳನ್ನು ಎತ್ತಿಕೊಂಡು ಮನೆಗೆ ಹೋಗುವ ಬದಲು ಅಲ್ಲೇ ಕೂತರು. ಅಕ್ಕನ ಮಗಳು ಡ್ಯೂಟಿ ಮುಗಿಸಿ ಕಂಡಕ್ಟರ್ ಸಮವಸ್ತ್ರದಲ್ಲೇ ಬಂದು ಬಾಗಿಲಿಗೆ ಅಡ್ಡಲಾಗಿ ನಿಂತಳು. ಹೊಸ ಭವನದಲ್ಲಿ ಗಲಾಟೆಯೆಂದು ಊರು ಆಡಿಕೊಳ್ಳುವುದು ಕಾರ್ಪೊರೇಟರಿಗೆ ಬೇಕಿರಲಿಲ್ಲ. ಒಂದಷ್ಟು ದಿನ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದ. ಕೊನೆಗೆ ತೂಕಗಳು ಹಿಂದಿನ ಶೆಡ್ಡಿಗೆ ಹೋದವು, ಕೋಣೆ ಮಕ್ಕಳದಾಯಿತು.

ಇದರಿಂದ ಟೈಲರಮ್ಮನಿಗೆ ನೆಮ್ಮದಿ ಸಿಕ್ಕಿತೆಂದರೆ ಸುಳ್ಳಾದೀತು. ಹೊಲಿಗೆ ಹಿಂದೆ ಬಿತ್ತು, ಗಿರಾಕಿಗಳು ಬೈದರು. ಬೀದಿಯವರು ಅವಳನ್ನೂ ಜಗಳಗಂಟಿ ಎನ್ನತೊಡಗಿದರು. "ನೀನೂ ಥೇಟ್ ಅಮ್ಮನ ಹಾಗೇ ಆದೆ" ಎಂದು ಮಗಳು ಮೆಚ್ಚುಗೆಯಿಂದ ಹೇಳಿದಾಗ, ಕೈಯಲ್ಲಿದ್ದ ಇಂಚುಪಟ್ಟಿಯನ್ನು ಅವಳತ್ತ ಬೀಸಿ ಒಗೆದಳು. ಸತ್ತ ಮೇಲೂ ಅಕ್ಕ ತನ್ನ ಕೆಲಸವನ್ನು ತಂಗಿಯ ತಲೆಗೇ ಕಟ್ಟಿದ್ದಳು. ಆ ಸಿಟ್ಟು ಇಳಿಯಲೇ ಇಲ್ಲ.

ಬೆಣ್ಣೆ ಹಚ್ಚಿ ನೋಡೋಣವೆಂದು ಕಾರ್ಪೊರೇಟರ್ ಇನ್ನೊಮ್ಮೆ ಬಂದ. "ಈ ಕೋಣೆಗೆ ನಿಮ್ಮ ಹೆಸರೇ ಇಡೋಣ ಅಂತಿದೀವಮ್ಮ."

"ನಾನಿನ್ನೂ ಸತ್ತಿಲ್ಲ. ಮೊದಲು ಹೆಂಗಸರ ಶೌಚಾಲಯದ ಬೀಗ ತೆಗೆಸಿ."

ಬೀಗ ತೆಗೆಸಿದರು. ಒಳಗಡೆ ಚಿಲಕವೇ ಇರಲಿಲ್ಲ. ಈ ಸಲ ಅವಳೇ ಕಾರ್ಪೊರೇಟರನ ಬಾಗಿಲಿಗೆ ಹೋದಳು.